ಚಕ್ರ ಬಿಸಿಯಾದರೆ ತಪ್ಪು ಬೇರಿಂಗಿನದೋ, ಬ್ರೇಕಿನದೋ?



ಸಂಜೆ ಕೆಲಸ ಮುಗಿಸಿ ಉಕ್ಕುನಗರಂನಿಂದ ಕಾರಿನಲ್ಲಿ ಹೊರಟಿದ್ದೀರಿ ಎಂದಿಟ್ಟುಕೊಳ್ಳಿ. ಕೂರ್ಮನ್ನಪಾಲೆಂ ದಾಟಿ, ಲಾರಿಗಳ ಸಾಲಿನ ನಡುವೆ ನೂರು ಸಲ ಬ್ರೇಕ್ ಒತ್ತಿ, ಬಿಟ್ಟು, ಮತ್ತೆ ಒತ್ತಿ ಗಾಜುವಾಕ ತಲುಪಿದ್ದೀರಿ. ಮನೆ ಮುಂದೆ ಇಳಿದರೆ ಮುಂದಿನ ಎಡ ಚಕ್ರದ ಕಡೆಯಿಂದ ಸುಟ್ಟ ವಾಸನೆ. ಹತ್ತಿರ ಹೋದರೆ ಒಲೆಯ ಮುಂದೆ ನಿಂತಂತೆ ಝಳ. ದಾರಿಯುದ್ದಕ್ಕೂ ಏನೋ ಗುಂಯ್‌ಗುಟ್ಟುತ್ತಿತ್ತು, ರೇಡಿಯೋ ಸದ್ದಿನಲ್ಲಿ ನೀವು ಅದನ್ನು ಗಮನಿಸಿರಲಿಲ್ಲ. ಈಗ ಏನು ಮಾಡುತ್ತೀರಿ?

ನಮ್ಮಲ್ಲಿ ಹೆಚ್ಚಿನವರು ಮಾಡುವುದು ಇಷ್ಟೇ. "ಬೆಳಿಗ್ಗೆ ನೋಡೋಣ" ಎಂದು ಮಲಗುತ್ತೇವೆ. ಬೆಳಿಗ್ಗೆ ಚಕ್ರ ತಣ್ಣಗಿರುತ್ತದೆ, ವಾಸನೆ ಇಲ್ಲ, ಸದ್ದೂ ಕಡಿಮೆ. ಗ್ಯಾರೇಜಿಗೆ ಒಯ್ದರೆ ಚಕ್ರ ಎತ್ತಿ ತಿರುಗಿಸಿ, "ಬೇರಿಂಗ್ ಹೋಗಿದೆ ಸಾರ್" ಎನ್ನುತ್ತಾರೆ. ನಾನೂ ಹಾಗೇ ಮಾಡಿದವನು. ಬೇರಿಂಗ್ ಬದಲಾಯಿತು, ಸದ್ದು ನಿಂತಿತು. ಎರಡು ತಿಂಗಳೊಳಗೆ ಅದೇ ಚಕ್ರ, ಅದೇ ಸದ್ದು, ಅದೇ ಬಿಸಿ. ಮತ್ತೊಂದು ಬೇರಿಂಗ್ ಹಾಕಿಸಿದೆ. ಕೊನೆಗೆ ಸಿಂಹಾಚಲದ ಬೆಟ್ಟದಿಂದ ಮನೆಮಂದಿಯನ್ನೆಲ್ಲ ಕೂರಿಸಿಕೊಂಡು ಇಳಿಯುವಾಗ ಬ್ರೇಕ್ ಪೆಡಲ್ ಸ್ಪಂಜಿನಂತೆ ಮೆತ್ತಗಾಗಿ ಕೆಳಗಿಳಿಯಿತು. ಗೇರ್ ಇಳಿಸಿ, ಹ್ಯಾಂಡ್ ಬ್ರೇಕನ್ನು ಸ್ವಲ್ಪ ಸ್ವಲ್ಪವೇ ಎಳೆದು, ಹೇಗೋ ಬದಿಗೆ ನಿಲ್ಲಿಸಿದೆ. ಯಾರಿಗೂ ಏನೂ ಆಗಲಿಲ್ಲ. ಆದರೆ ಆ ಅರ್ಧ ನಿಮಿಷ ಇವತ್ತಿಗೂ ಮರೆತಿಲ್ಲ.

ಆಮೇಲೆ ಗಾಜುವಾಕದ ಆಟೋನಗರದಲ್ಲಿ ವಯಸ್ಸಾದ ಮೇಸ್ತ್ರಿಯೊಬ್ಬರು ಕಾರನ್ನು ನೋಡುವ ಮೊದಲೇ ಒಂದು ಮಾತು ಹೇಳಿದರು: "ಜಬ್ಬು ಉನ್ನಪ್ಪುಡೇ ಚೂಡಾಲಿ ಸಾರ್." ಕಾಯಿಲೆ ಇರುವಾಗಲೇ ನೋಡಬೇಕು ಎಂದರ್ಥ. ಈ ಮಾತೇ ಇಂದಿನ ನನ್ನ ಭಾಷಣದ ತಿರುಳು. ಬಿಸಿಯಾಗುವ ಚಕ್ರವನ್ನು ಬಿಸಿ ಇರುವಾಗಲೇ ಪರೀಕ್ಷಿಸಬೇಕು. ತಣ್ಣಗಾದ ಮೇಲೆ ನೋಡಿದರೆ ಕಣ್ಣಿಗೆ ಬೀಳುವುದು ಪೆಟ್ಟು ತಿಂದ ಬೇರಿಂಗ್ ಮಾತ್ರ. ಪೆಟ್ಟು ಕೊಟ್ಟವನು ತಪ್ಪಿಸಿಕೊಂಡಿರುತ್ತಾನೆ.

ಇದು ಅರ್ಥವಾಗಬೇಕಾದರೆ ಬ್ರೇಕ್ ಹೇಗೆ ಹಿಡಿಯುತ್ತದೆ ಎನ್ನುವುದಕ್ಕಿಂತ ಹೇಗೆ ಬಿಡುತ್ತದೆ ಎಂಬುದನ್ನು ತಿಳಿಯಬೇಕು. ನೀವು ಪೆಡಲ್ ಒತ್ತಿದಾಗ ಮಾಸ್ಟರ್ ಸಿಲಿಂಡರಿನಿಂದ ಬ್ರೇಕ್ ಆಯಿಲ್ ಒತ್ತಡದಲ್ಲಿ ಪೈಪುಗಳ ಮೂಲಕ ಚಕ್ರಗಳಿಗೆ ಹೋಗುತ್ತದೆ. ಮುಂದಿನ ಚಕ್ರದಲ್ಲಿ ಕ್ಯಾಲಿಪರ್ ಒಳಗಿನ ಪಿಸ್ಟನ್ ಮುಂದೆ ಸರಿದು ಪ್ಯಾಡುಗಳನ್ನು ಡಿಸ್ಕಿಗೆ ಅದುಮುತ್ತದೆ. ಇದು ಎಲ್ಲರಿಗೂ ಗೊತ್ತು. ಕಾಲು ತೆಗೆದಾಗ ಪಿಸ್ಟನ್ನನ್ನು ಹಿಂದಕ್ಕೆ ಎಳೆಯುವವರು ಯಾರು? ಹಿಂದಿನ ಡ್ರಮ್ ಬ್ರೇಕಿನಲ್ಲಿ ಅದಕ್ಕೆ ಗಟ್ಟಿ ಸ್ಪ್ರಿಂಗುಗಳಿವೆ. ಸಾಮಾನ್ಯ ಡಿಸ್ಕ್ ಬ್ರೇಕಿನಲ್ಲಿ ಅಂಥ ಸ್ಪ್ರಿಂಗ್ ಇಲ್ಲ. ಪಿಸ್ಟನ್ ಸುತ್ತ ಇರುವ ಒಂದು ರಬ್ಬರ್ ಉಂಗುರವೇ ಆ ಕೆಲಸ ಮಾಡುತ್ತದೆ. ಪಿಸ್ಟನ್ ಮುಂದೆ ಹೋಗುವಾಗ ರಬ್ಬರ್ ಸ್ವಲ್ಪ ತಿರುಚಿಕೊಳ್ಳುತ್ತದೆ. ಒತ್ತಡ ಹೋದಾಗ ಮತ್ತೆ ಮೊದಲಿನಂತಾಗುತ್ತ ಪಿಸ್ಟನ್ನನ್ನೂ ಕೂದಲೆಳೆಯಷ್ಟು ಹಿಂದಕ್ಕೆ ಎಳೆದುಕೊಳ್ಳುತ್ತದೆ. ಅಷ್ಟೇ. ಒತ್ತುವ ಬಲ ಆನೆಯಷ್ಟು, ಬಿಡಿಸುವ ಬಲ ಇರುವೆಯಷ್ಟು. ಈ ಇರುವೆಯ ದಾರಿಗೆ ಒಂದಿಷ್ಟು ತುಕ್ಕು, ಗಟ್ಟಿಯಾದ ಗ್ರೀಸ್, ಊದಿಕೊಂಡ ರಬ್ಬರ್ ಅಡ್ಡ ಬಂದರೂ ಸಾಕು, ಪ್ಯಾಡ್ ಡಿಸ್ಕನ್ನು ಬಿಡುವುದಿಲ್ಲ.

ಪ್ಯಾಡ್ ಬಿಡದಿದ್ದರೆ ಡಿಸ್ಕ್ ಉಜ್ಜಿ ಉಜ್ಜಿ ಕಾಯುತ್ತದೆ. ಆ ಬಿಸಿ ಪಕ್ಕದ ಹಬ್ಬಿಗೆ ಹರಿಯುತ್ತದೆ. ಹಬ್ಬಿನೊಳಗಿನ ಬೇರಿಂಗಿನ ಗ್ರೀಸ್ ತೆಳ್ಳಗಾಗಿ ಹೊರಗೆ ಒಸರುತ್ತದೆ, ಸೀಲು ಹಾಳಾಗುತ್ತದೆ, ಗುಂಡುಗಳು ಒಣಗಿ ಗುಂಯ್‌ಗುಡುತ್ತವೆ. ಹೀಗೆ ಬ್ರೇಕಿನ ತಪ್ಪಿಗೆ ಬೇರಿಂಗ್ ಬಲಿಯಾಗುತ್ತದೆ. ಬೇರಿಂಗ್ ಮೊದಲು ಕೆಟ್ಟು ಚಕ್ರ ಬಿಸಿಯಾಗುವುದೂ ಉಂಟು. ಹಾಗಾಗಿ ಹೊಸ ಬೇರಿಂಗ್ ಬೇಗನೇ ಹೋದರೆ ಮೂರನೆಯದನ್ನು ಕೊಳ್ಳುವ ಮೊದಲು ಒಂದು ಪ್ರಶ್ನೆ ಕೇಳಿ: ಮೊದಲು ಬಂದದ್ದು ಬಿಸಿಯೋ, ಸದ್ದೋ?

ಈಗ ಪರೀಕ್ಷೆಗೆ ಬರೋಣ. ಮೊದಲನೆಯದು ರಸ್ತೆಯ ಮೇಲೆ, ಕಿವಿಯಿಂದ. ಬೇರಿಂಗಿನ ಸದ್ದು ಸಾಮಾನ್ಯವಾಗಿ ದೂರದಲ್ಲಿ ವಿಮಾನ ಹೋದಂತೆ ಗುಂಯ್ ಎನ್ನುತ್ತದೆ, ವೇಗ ಹೆಚ್ಚಿದಂತೆ ಹೆಚ್ಚುತ್ತದೆ, ಬ್ರೇಕ್ ಒತ್ತಿದರೂ ಬಿಟ್ಟರೂ ಹೆಚ್ಚು ಬದಲಾಗುವುದಿಲ್ಲ. ಉದ್ದವಾದ ಎಡ ತಿರುವಿನಲ್ಲಿ ಕಾರಿನ ಭಾರ ಬಲಗಡೆಗೆ ವಾಲುತ್ತದೆ. ಆಗ ಸದ್ದು ಜೋರಾದರೆ ಬಲಗಡೆಯ ಬೇರಿಂಗಿನ ಮೇಲೆ ಅನುಮಾನಪಡಿ. ಬಲ ತಿರುವಿನಲ್ಲಿ ಜೋರಾದರೆ ಎಡಗಡೆಯದು. ಟಾರು ರಸ್ತೆಯಿಂದ ಕಾಂಕ್ರೀಟ್ ರಸ್ತೆಗೆ ಬಂದ ಕೂಡಲೇ ಸದ್ದಿನ ಧಾಟಿಯೇ ಬದಲಾದರೆ ಅದು ಟಯರಿನದು. ಬ್ರೇಕಿನ ಸದ್ದು ಬೇರೆ. ಅದು ಕಿರ್ ಎಂದು ಕೀರಲು, ಇಲ್ಲವೇ ಚಕ್ರದ ಸುತ್ತಿಗೆ ತಾಳ ಹಾಕಿದಂತೆ ಸರ್, ಸರ್ ಎಂದು ಉಜ್ಜು. ಪೆಡಲ್ ಮೇಲೆ ಮೆಲ್ಲಗೆ ಕಾಲಿಟ್ಟರೆ ಆ ಸದ್ದು ನಿಲ್ಲುತ್ತದೆ ಅಥವಾ ಬದಲಾಗುತ್ತದೆ. ಲೋಹಕ್ಕೆ ಲೋಹ ಗರಗರ ಉಜ್ಜಿದಂತಿದ್ದರೆ ಪ್ಯಾಡ್ ಪೂರ್ತಿ ಸವೆದಿದೆ ಎಂದು ತಿಳಿದು ಕಾರು ಮುಂದೆ ಓಡಿಸಬೇಡಿ. ಇದ್ದಕ್ಕಿದ್ದಂತೆ ಭಯಂಕರ ಕಿರುಚಾಟ ಶುರುವಾದರೆ ಗಾಬರಿ ಬೇಡ. ಡಿಸ್ಕ್ ಮತ್ತು ಅದರ ಹಿಂದಿನ ತಗಡಿನ ನಡುವೆ ಜಲ್ಲಿ ಚೂರು ಸಿಕ್ಕಿಕೊಂಡಿರಬಹುದು. ಕಾಸಿಲ್ಲದೆ ಗುಣವಾಗುವ ಕಾಯಿಲೆ ಇದೊಂದೇ, ಮೊದಲು ಇದನ್ನೇ ನೋಡಿ.

ಎರಡನೆಯದು ಬಿಸಿಯ ಪರೀಕ್ಷೆ. ಹತ್ತು ಹದಿನೈದು ಕಿಲೋಮೀಟರ್ ಓಡಿಸಿ, ಕೊನೆಯಲ್ಲಿ ಬ್ರೇಕನ್ನು ಆದಷ್ಟು ಕಡಿಮೆ ಒತ್ತಿ, ಸಮತಟ್ಟಾದ ಜಾಗದಲ್ಲಿ ನಿಧಾನವಾಗಿ ನಿಲ್ಲಿಸಿ. ಚಕ್ರವನ್ನು ಮುಟ್ಟಬೇಡಿ. ಅಂಗೈಯ ಹಿಂಭಾಗವನ್ನು ಒಂದು ಗೇಣು ದೂರದಲ್ಲಿ ಹಿಡಿದು ನಾಲ್ಕೂ ಚಕ್ರಗಳ ಝಳವನ್ನು ಹೋಲಿಸಿ. ಕೋವಿಯಂತೆ ತೋರಿಸಿ ಅಳೆಯುವ ಥರ್ಮಾಮೀಟರ್ ಸಿಕ್ಕರೆ ಇನ್ನೂ ಒಳ್ಳೆಯದು. ಮುಖ್ಯವಾದದ್ದು ಎಡ ಬಲಗಳ ಹೋಲಿಕೆ. ಮುಂದಿನ ಚಕ್ರಗಳು ಹಿಂದಿನವಕ್ಕಿಂತ ಬಿಸಿ ಇರುವುದು ಸಹಜ, ಏಕೆಂದರೆ ಹೆಚ್ಚಿನ ಬ್ರೇಕ್ ಕೆಲಸ ಮುಂದಿನವೇ ಮಾಡುತ್ತವೆ. ಆದರೆ ಮುಂದಿನ ಎರಡರಲ್ಲಿ ಒಂದು ಬೆಚ್ಚಗಿದ್ದು ಇನ್ನೊಂದು ಸುಡುತ್ತಿದ್ದರೆ ಕಳ್ಳ ಸಿಕ್ಕಿದಂತೆ. ವಾಸನೆಯೂ ಸಾಕ್ಷಿ ಹೇಳುತ್ತದೆ. ಘಾಟಾದ, ಕ್ಲಚ್ ಸುಟ್ಟಂಥ ವಾಸನೆ ಪ್ಯಾಡಿನದು. ಜಿಡ್ಡು ಕಮರಿದ ವಾಸನೆ ಬೇರಿಂಗ್ ಗ್ರೀಸಿನದು. ಕಾರು ಒಂದು ಬದಿಗೆ ಎಳೆಯುವುದು, ಮೈಲೇಜ್ ಇಳಿಯುವುದು, ಸ್ವಲ್ಪ ಇಳಿಜಾರಿನಲ್ಲಿ ನ್ಯೂಟ್ರಲ್ ಮಾಡಿದರೂ ಕಾರು ಉರುಳದಿರುವುದು, ಇವೆಲ್ಲ ಬ್ರೇಕ್ ಹಿಡಿದಿರುವ ಲಕ್ಷಣಗಳು.

ಮೂರನೆಯದು ಜಾಕಿಯ ಮೇಲೆ. ಉಳಿದ ಚಕ್ರಗಳಿಗೆ ಕಲ್ಲು ಅಥವಾ ಮರದ ತುಂಡು ಕೊಟ್ಟು, ಜಾಕಿಯ ಜೊತೆಗೆ ಗಟ್ಟಿ ಸ್ಟ್ಯಾಂಡ್ ಇಟ್ಟು, ಚಕ್ರವನ್ನು ಕೈಯಿಂದ ತಿರುಗಿಸಿ. ಪ್ಯಾಡ್ ತುಸು ಸವರಿದ ಸದ್ದು ಸಹಜ. ಬಲ ಹಾಕಿದರೂ ತಿರುಗದಿದ್ದರೆ ಬ್ರೇಕ್ ಹಿಡಿದಿದೆ. ತಿರುಗುವಾಗ ಒಳಗೆ ಮರಳಿದ್ದಂತೆ ಕರಕರ ಎಂದರೆ, ಇನ್ನೊಂದು ಕೈಯನ್ನು ಸಸ್ಪೆನ್ಷನ್ ಸ್ಪ್ರಿಂಗ್ ಮೇಲಿಟ್ಟಾಗ ಅದು ಝುಂ ಎಂದು ಅದುರಿದರೆ, ಅದು ಬೇರಿಂಗ್. ಆಮೇಲೆ ಟಯರಿನ ಮೇಲ್ತುದಿ ಮತ್ತು ಕೆಳತುದಿ ಹಿಡಿದು ಅಲ್ಲಾಡಿಸಿ. ಆಟ ಕಂಡರೆ ಇನ್ನೊಬ್ಬರಿಗೆ ಬ್ರೇಕ್ ಪೆಡಲ್ ಒತ್ತಲು ಹೇಳಿ. ಆಟ ಆಗ ಮಾಯವಾದರೆ ಬೇರಿಂಗ್ ಸಡಿಲ. ಮಾಯವಾಗದಿದ್ದರೆ ಬಾಲ್ ಜಾಯಿಂಟ್ ಕಡೆ ನೋಡಿ. ಹಳೆಯ ಜೀಪುಗಳಲ್ಲಿ ಬೇರಿಂಗನ್ನು ನಟ್ಟಿನಿಂದ ಹದ ಮಾಡುವ ಪದ್ಧತಿ ಇತ್ತು. ಅಲ್ಲಿ ನಟ್ಟು ಹೆಚ್ಚು ಬಿಗಿದರೂ ಹಬ್ ಕಾಯುತ್ತಿತ್ತು. ಈಗಿನ ಹೆಚ್ಚಿನ ಕಾರುಗಳಲ್ಲಿ ಬೇರಿಂಗ್ ಸೀಲ್ ಆಗಿಯೇ ಬರುತ್ತದೆ, ಅದರಲ್ಲಿ ಹದ ಮಾಡುವುದೇನೂ ಇಲ್ಲ.

ಇನ್ನು ನಾಲ್ಕನೆಯ ಪರೀಕ್ಷೆ. ನನ್ನ ಕಾರಿನ ಗುಟ್ಟು ಬಯಲಾದದ್ದು ಇದರಿಂದಲೇ. ಇದನ್ನು ಮೆಕ್ಯಾನಿಕ್ ಕೈಯಲ್ಲೇ ಮಾಡಿಸಿ. ಕ್ಯಾಲಿಪರಿನಲ್ಲಿ ಗಾಳಿ ತೆಗೆಯುವ ಒಂದು ಸಣ್ಣ ನಿಪ್ಪಲ್ ಇರುತ್ತದೆ. ಚಕ್ರ ಹಿಡಿದುಕೊಂಡಿರುವಾಗಲೇ, ಅದಕ್ಕೊಂದು ರಬ್ಬರ್ ಕೊಳವೆ ಸಿಕ್ಕಿಸಿ ಬಾಟಲಿಗೆ ಇಳಿಬಿಟ್ಟು, ನಿಪ್ಪಲನ್ನು ಸ್ವಲ್ಪ ಸಡಿಲಿಸಬೇಕು. ಆಯಿಲ್ ಚಿಮ್ಮಿ ಚಕ್ರ ತಟ್ಟನೆ ಸಲೀಸಾಗಿ ತಿರುಗಿದರೆ ಒತ್ತಡ ಒಳಗೇ ಸಿಕ್ಕಿಹಾಕಿಕೊಂಡಿತ್ತು ಎಂದಾಯಿತು. ಆಗ ದೋಷ ಕ್ಯಾಲಿಪರಿನದಲ್ಲ, ಅದಕ್ಕಿಂತ ಹಿಂದಿನದು: ರಬ್ಬರ್ ಹೋಸ್ ಅಥವಾ ಮಾಸ್ಟರ್ ಸಿಲಿಂಡರ್. ನಿಪ್ಪಲ್ ತೆಗೆದರೂ ಚಕ್ರ ಬಿಗಿಯಾಗಿಯೇ ಇದ್ದರೆ ದೋಷ ಅಲ್ಲೇ ಇದೆ: ಪಿಸ್ಟನ್ ತುಕ್ಕು ಹಿಡಿದಿದೆ, ಇಲ್ಲವೇ ಕ್ಯಾಲಿಪರ್ ಜಾರುವ ಪಿನ್ನುಗಳು ಗಟ್ಟಿಯಾಗಿವೆ. ಬಿಸಿ ಆಯಿಲ್ ಚಿಮ್ಮುವುದರಿಂದ ಕಣ್ಣಿಗೆ ಕನ್ನಡಕ, ಕೈಗೆ ಗ್ಲೌಸ್ ಇರಲೇಬೇಕು. ಬಣ್ಣದ ಮೇಲೆ ಬಿದ್ದರೆ ಬಣ್ಣವೂ ಎದ್ದು ಹೋಗುತ್ತದೆ.

ನನ್ನ ಕಾರಿನಲ್ಲಿ ನಿಪ್ಪಲ್ ಸಡಿಲಿಸಿದ ತಕ್ಷಣ ಚಕ್ರ ಬಿಟ್ಟಿತು. ಹೋಸ್ ಹೊರಗಿನಿಂದ ಚೆನ್ನಾಗಿಯೇ ಇತ್ತು. ಒಳಪದರ ಮಾತ್ರ ಕಿತ್ತುಬಂದು ಒಂದು ಸಣ್ಣ ಬಾಗಿಲಿನಂತಾಗಿತ್ತು. ಕಾಲಿನ ಬಲಕ್ಕೆ ಆಯಿಲ್ ಒಳಕ್ಕೆ ನುಗ್ಗುತ್ತಿತ್ತು, ರಬ್ಬರ್ ಉಂಗುರದ ಇರುವೆ ಬಲಕ್ಕೆ ಹೊರಕ್ಕೆ ಬರಲಾಗುತ್ತಿರಲಿಲ್ಲ. ರಾತ್ರಿಯೆಲ್ಲ ತೊಟ್ಟು ತೊಟ್ಟಾಗಿ ಹಿಂದಕ್ಕೆ ಇಳಿದು ಬೆಳಿಗ್ಗೆಗೆ ಚಕ್ರ ಸಡಿಲವಾಗಿರುತ್ತಿತ್ತು. ಬೆಳಿಗ್ಗೆ ನೋಡಿದವರಿಗೆಲ್ಲ ಬೇರಿಂಗ್ ಮಾತ್ರ ಕಂಡದ್ದು ಇದಕ್ಕೇ. ಒಂದು ಮೊಳ ಉದ್ದವೂ ಇಲ್ಲದ ರಬ್ಬರ್ ಕೊಳವೆಗಾಗಿ ಎರಡು ಬೇರಿಂಗ್ ಸುಟ್ಟೆ, ಮನೆಮಂದಿಯ ಜೀವವನ್ನೂ ಪಣಕ್ಕಿಟ್ಟೆ.

ಎಷ್ಟು ಚಕ್ರ ಬಿಸಿಯಾಗುತ್ತಿವೆ ಎನ್ನುವುದೂ ಮುಖ್ಯ ಸುಳಿವು. ಒಂದೇ ಚಕ್ರವಾದರೆ ಹೋಸ್, ಪಿಸ್ಟನ್, ಪಿನ್ನು. ಹಿಂದಿನ ಎರಡು ಮಾತ್ರವಾದರೆ ಹ್ಯಾಂಡ್ ಬ್ರೇಕ್ ಕೇಬಲ್ ಅಥವಾ ಡ್ರಮ್ಮಿನೊಳಗಿನ ಹೊಂದಾಣಿಕೆ. ಮುಂದಿನ ಒಂದು, ಹಿಂದಿನ ಎದುರು ಮೂಲೆಯ ಇನ್ನೊಂದು ಒಟ್ಟಿಗೆ ಹಿಡಿದರೆ ಆಶ್ಚರ್ಯಪಡಬೇಡಿ. ಮುಂದಿನ ಚಕ್ರಗಳಿಂದ ಎಳೆಯುವ ಅನೇಕ ಕಾರುಗಳಲ್ಲಿ ಬ್ರೇಕ್ ಪೈಪುಗಳನ್ನು ಹೀಗೆ ಕರ್ಣರೇಖೆಯಲ್ಲಿ ಎರಡು ಭಾಗ ಮಾಡಿರುತ್ತಾರೆ. ಒಂದು ಭಾಗ ಸೋತರೂ ಇನ್ನೊಂದು ಕಾರನ್ನು ನಿಲ್ಲಿಸಲಿ ಎಂದು. ನಾಲ್ಕೂ ಹಿಡಿದರೆ ಮಾಸ್ಟರ್ ಸಿಲಿಂಡರ್, ಪೆಡಲಿಗೆ ಇರಬೇಕಾದ ಸಡಿಲ, ಇಲ್ಲವೇ ಆಯಿಲಿನ ಮೇಲೆಯೇ ಅನುಮಾನ. ಬ್ರೇಕ್ ಆಯಿಲ್ ಡಬ್ಬಿಗೆ ತಪ್ಪಿ ಎಂಜಿನ್ ಆಯಿಲನ್ನೋ ಪವರ್ ಸ್ಟಿಯರಿಂಗ್ ಆಯಿಲನ್ನೋ ಸುರಿದರೆ ಒಳಗಿನ ರಬ್ಬರೆಲ್ಲ ಊದಿಕೊಂಡು ನಾಲ್ಕೂ ಚಕ್ರ ಬಿಗಿಯುತ್ತವೆ. ಆ ಒಂದು ತಪ್ಪಿಗೆ ಎಲ್ಲ ರಬ್ಬರ್ ಭಾಗಗಳನ್ನೂ ಬದಲಿಸಬೇಕಾಗುತ್ತದೆ.

ನಮ್ಮ ವಿಶಾಖಪಟ್ಟಣದಲ್ಲಿ ಈ ತೊಂದರೆಗೆ ಇನ್ನೊಂದು ಕಾರಣವಿದೆ, ಸಮುದ್ರ. ಉಪ್ಪಿನ ಗಾಳಿ, ವರ್ಷದ ಬಹುಪಾಲು ತೇವ. ಬೆಂಗಳೂರಿನಲ್ಲಿ ಚೆನ್ನಾಗಿ ನಡೆಯುವ ಕ್ಯಾಲಿಪರ್ ಪಿನ್ನು ಇಲ್ಲಿ ಬೇಗ ತುಕ್ಕು ಹಿಡಿಯುತ್ತದೆ. ಮಂಗಳೂರು, ಕಾರವಾರದಿಂದ ಬಂದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮಳೆ ಬಂದ ಮರುದಿನ ಡಿಸ್ಕ್ ಮೇಲೆ ಕಾಣುವ ಕೆಂಪು ತುಕ್ಕಿಗೆ ಹೆದರಬೇಡಿ, ನಾಲ್ಕು ಸಲ ಬ್ರೇಕ್ ಒತ್ತಿದರೆ ಅದು ಹೋಗುತ್ತದೆ. ಕಣ್ಣಿಗೆ ಕಾಣದ ಪಿನ್ನಿನ ತುಕ್ಕಿಗೆ ಹೆದರಿ. 2020ರ ಲಾಕ್‌ಡೌನ್ ಮುಗಿದು ತಿಂಗಳುಗಟ್ಟಲೆ ನಿಂತಿದ್ದ ಕಾರುಗಳನ್ನು ತೆಗೆದಾಗ, ಹ್ಯಾಂಡ್ ಬ್ರೇಕ್ ಎಳೆದಿಟ್ಟಿದ್ದವರಲ್ಲಿ ಹಲವರಿಗೆ ಹಿಂದಿನ ಚಕ್ರ ಅಲುಗಾಡದ ಅನುಭವವಾಗಿದೆ. ಊರಿಗೆ ರಜೆಯಲ್ಲಿ ಹೋಗುವಾಗ ಕಾರನ್ನು ಸಮತಟ್ಟಾದ ಜಾಗದಲ್ಲಿ ಗೇರಿನಲ್ಲಿ ನಿಲ್ಲಿಸಿ, ಚಕ್ರಕ್ಕೆ ಕಲ್ಲು ಕೊಟ್ಟು, ಹ್ಯಾಂಡ್ ಬ್ರೇಕ್ ಬಿಟ್ಟು ಹೋಗುವುದು ಮೇಲು.

ತೇವ ಬ್ರೇಕ್ ಆಯಿಲನ್ನೂ ಬಿಡುವುದಿಲ್ಲ. ನಾವು ಬಳಸುವ ಡಾಟ್ 3, ಡಾಟ್ 4 ಆಯಿಲುಗಳು ಗಾಳಿಯ ತೇವವನ್ನು ಹೀರಿಕೊಳ್ಳುತ್ತವೆ. ಹೊಸ ಡಾಟ್ 3 ಆಯಿಲ್ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ, ಡಾಟ್ 4 ಕನಿಷ್ಠ 230 ಡಿಗ್ರಿಯವರೆಗೆ ಕುದಿಯಬಾರದು ಎಂಬುದು ನಿಯಮ. ನೀರು ಹೀರಿದ ಮೇಲೆ ಈ ಮಿತಿ 140 ಮತ್ತು 155 ಡಿಗ್ರಿಗೆ ಇಳಿಯುತ್ತದೆ. ಹಿಡಿದುಕೊಂಡ ಬ್ರೇಕಿನ ಡಿಸ್ಕ್ ಈ ಬಿಸಿಯನ್ನು ಸುಲಭವಾಗಿ ದಾಟುತ್ತದೆ. ಕ್ಯಾಲಿಪರಿನೊಳಗೆ ಆಯಿಲ್ ಕುದಿದರೆ ಆವಿಯ ಗುಳ್ಳೆ ಏಳುತ್ತದೆ. ಆಯಿಲನ್ನು ಅದುಮಲಾಗದು, ಗುಳ್ಳೆಯನ್ನು ಅದುಮಬಹುದು. ಹಾಗಾಗಿ ಪೆಡಲ್ ಒತ್ತಿದಷ್ಟೂ ಕೆಳಗಿಳಿಯುತ್ತದೆ, ಕಾರು ನಿಲ್ಲುವುದಿಲ್ಲ. ಸಿಂಹಾಚಲದ ಇಳಿಜಾರಿನಲ್ಲಿ ನನಗಾದದ್ದು ಇದೇ. ಆದ್ದರಿಂದ ಎರಡು ವರ್ಷಕ್ಕೊಮ್ಮೆ, ನಿಮ್ಮ ಕಾರಿನ ಕೈಪಿಡಿ ಇನ್ನೂ ಬೇಗ ಎಂದರೆ ಅದರಂತೆ, ಹಳೆಯ ಆಯಿಲ್ ಪೂರ್ತಿ ತೆಗೆಸಿ ಹೊಸದು ತುಂಬಿಸಿ. ಮೇಲಿಂದ ಸುರಿದು ಮಟ್ಟ ಸರಿಮಾಡುವುದು ಆಯಿಲ್ ಬದಲಿಸಿದಂತಲ್ಲ.

ರಿಪೇರಿ ಮಾಡಿಸುವಾಗ ನಿಂತು ನೋಡಿ. ಕ್ಯಾಲಿಪರ್ ಪಿನ್ನುಗಳನ್ನು ತೆಗೆದು ಒರೆಸಿ, ಬ್ರೇಕಿಗೆಂದೇ ಬರುವ ಗ್ರೀಸನ್ನೇ ಹಚ್ಚಬೇಕು. ಚಾಸಿಸ್ ಗ್ರೀಸ್ ಹಚ್ಚಿದರೆ ರಬ್ಬರ್ ಊದಿ ಮತ್ತೆ ಹಿಡಿಯುತ್ತದೆ. ಪ್ಯಾಡುಗಳನ್ನು ಎರಡೂ ಬದಿಗೆ ಜೋಡಿಯಾಗಿ ಬದಲಿಸಬೇಕು. ಹೋಸನ್ನೂ ಜೋಡಿಯಾಗಿಯೇ ಬದಲಿಸಿದರೆ ಒಳ್ಳೆಯದು, ಏಕೆಂದರೆ ಎರಡರ ವಯಸ್ಸೂ ಒಂದೇ. ಒಂದು ಬದಿಯ ಎರಡು ಪ್ಯಾಡುಗಳಲ್ಲಿ ಒಂದು ತೆಳ್ಳಗೆ, ಇನ್ನೊಂದು ದಪ್ಪ ಇದ್ದರೆ ಪಿನ್ನು ಜಾರುತ್ತಿಲ್ಲ ಎಂಬುದಕ್ಕೆ ಅದೇ ಸಾಕ್ಷಿ. ಹಳೆಯ ಪ್ಯಾಡನ್ನು ಬಿಸಾಡುವ ಮೊದಲು ಕೈಗೆ ತೆಗೆದುಕೊಂಡು ನೋಡಿ. ಬ್ರೇಕಿನ ಪುಡಿಯನ್ನು ಗಾಳಿ ಹೊಡೆದು ಹಾರಿಸಲು ಬಿಡಬೇಡಿ, ಅದು ಶ್ವಾಸಕೋಶಕ್ಕೆ ಕೆಟ್ಟದ್ದು. ಒದ್ದೆ ಬಟ್ಟೆಯಿಂದ ಒರೆಸಲಿ. ಸ್ವಿಚ್ಚಿನಿಂದ ಎಳೆಯುವ ಎಲೆಕ್ಟ್ರಿಕ್ ಹ್ಯಾಂಡ್ ಬ್ರೇಕ್ ಇರುವ ಹೊಸ ಕಾರಾದರೆ ಪಿಸ್ಟನ್ ಹಿಂದೂಡುವ ಮೊದಲು ಅದನ್ನು ಸರ್ವಿಸ್ ಸ್ಥಿತಿಗೆ ತರಬೇಕು. ಬಲವಂತ ಮಾಡಿದರೆ ಮೋಟರ್ ಮುರಿಯುತ್ತದೆ.

ಅಂದ ಹಾಗೆ, ಆಟೋನಗರದಲ್ಲಿ ಭಾಷೆಯ ವಿಷಯ. "ಚಕ್ರಂ ವೇಡೆಕ್ಕುತೋಂದಿ, ಬ್ರೇಕ್ ಪಟ್ಟೇಸ್ತೋಂದಿ" ಎಂದರೆ ಚಕ್ರ ಬಿಸಿಯಾಗುತ್ತಿದೆ, ಬ್ರೇಕ್ ಹಿಡಿದುಕೊಳ್ಳುತ್ತಿದೆ ಎಂದರ್ಥ. ಎಡಗಡೆಗೆ ತೆಲುಗಿನಲ್ಲೂ "ಎಡಮ", ತೊಂದರೆಯಿಲ್ಲ. ಬಲಗಡೆಗೆ "ಕುಡಿ" ಎನ್ನುತ್ತಾರೆ. ಮೇಸ್ತ್ರಿ "ಕುಡಿ" ಎಂದರೆ ಚಹಾ ಲೋಟ ಹುಡುಕಬೇಡಿ! "ಬೇರಿಂಗ್ ಹಾಕಿ" ಎಂದು ಹೇಳುತ್ತ ಒಳಗೆ ಹೋಗಬೇಡಿ. ಯಾವಾಗ ಸದ್ದು, ಯಾವಾಗ ಬಿಸಿ, ಎಷ್ಟು ದೂರ ಓಡಿದ ಮೇಲೆ, ಯಾವ ಚಕ್ರ, ಇಷ್ಟನ್ನು ಹೇಳಿ. ಡಾಕ್ಟರ ಹತ್ತಿರ ಹೋದಾಗ ನೋವು ಎಲ್ಲಿ ಎಂದು ಹೇಳುತ್ತೇವೆಯೇ ಹೊರತು ಔಷಧಿಯ ಹೆಸರನ್ನಲ್ಲವಲ್ಲ?

ಕೊನೆಯದಾಗಿ, ದಾರಿಯಲ್ಲೇ ಚಕ್ರದಿಂದ ಹೊಗೆ ಬಂದರೆ ಏನು ಮಾಡಬೇಕು? ಒಣಹುಲ್ಲಿಲ್ಲದ ಜಾಗ ನೋಡಿ ರಸ್ತೆಯ ಅಂಚಿಗೆ ನಿಲ್ಲಿಸಿ, ಎಲ್ಲರನ್ನೂ ಇಳಿಸಿ ದೂರ ಕಳಿಸಿ. ಗೇರಿನಲ್ಲಿಟ್ಟು ಚಕ್ರಕ್ಕೆ ಕಲ್ಲು ಕೊಡಿ. ಕಾದ ಡಿಸ್ಕಿಗೆ ನೀರು ಸುರಿಯಬೇಡಿ. ಅದು ಬಿರುಕು ಬಿಡಬಹುದು, ಬಿಸಿ ಆವಿ ಮುಖಕ್ಕೆ ರಾಚಬಹುದು. ತಾನಾಗಿಯೇ ಆರಲಿ. ಜ್ವಾಲೆ ಕಂಡರೆ ಟಯರ್ ಸಿಡಿಯುವ ಅಪಾಯವಿದೆ, ಹತ್ತಿರ ಹೋಗದೆ 112ಕ್ಕೆ ಕರೆ ಮಾಡಿ. ರಾಷ್ಟ್ರೀಯ ಹೆದ್ದಾರಿಯಲ್ಲಿ ಸಹಾಯಕ್ಕೆ 1033 ಇದೆ. ಆರಿದ ಮೇಲೆ ಚಕ್ರ ತಿರುಗಿತೆಂದು ಮತ್ತೆ ಘಾಟಿ ಇಳಿಯಲು ಹೊರಡಬೇಡಿ, ಟೋಯಿಂಗ್ ಗಾಡಿ ಕರೆಸಿ. ಅನಂತಗಿರಿ ಘಾಟಿಯಾಗಲಿ, ನಮ್ಮ ಚಾರ್ಮಾಡಿಯಾಗಲಿ, ಹತ್ತಿದ ಗೇರಿನಲ್ಲೇ ಇಳಿಯಿರಿ. ಕಾಲನ್ನು ಬ್ರೇಕಿನ ಮೇಲೇ ಇಟ್ಟುಕೊಂಡು ಇಳಿಯುವ ಅಭ್ಯಾಸವಿದ್ದರೆ ಒಳ್ಳೆಯ ಬ್ರೇಕೂ ಹಿಡಿದುಕೊಂಡ ಬ್ರೇಕಿನಷ್ಟೇ ಬಿಸಿಯಾಗುತ್ತದೆ.

ಇಂದು ಸಂಜೆ ಮನೆ ತಲುಪಿದ ಮೇಲೆ ಒಂದು ಕೆಲಸ ಮಾಡಿ. ಕೀಲಿ ಜೇಬಿಗೆ ಹಾಕುವ ಮೊದಲು ಕಾರಿನ ಸುತ್ತ ಒಂದು ಪ್ರದಕ್ಷಿಣೆ ಬನ್ನಿ, ನಾಲ್ಕು ಚಕ್ರಗಳ ಬಳಿ ಅಂಗೈ ಹಿಂಭಾಗ ಹಿಡಿದು ನೋಡಿ. ಒಂದು ನಿಮಿಷವೂ ಬೇಡ. ನಾಲ್ಕರಲ್ಲಿ ಒಂದು ಬೇರೆಯಾಗಿದ್ದರೆ ಬೆಳಗಾಗುವವರೆಗೆ ಕಾಯಬೇಡಿ, ಆಗಲೇ ಬರೆದಿಡಿ, ಆಗಲೇ ಮೇಸ್ತ್ರಿಗೆ ಫೋನ್ ಮಾಡಿ. ಕಾಯಿಲೆ ಇರುವಾಗಲೇ ನೋಡಬೇಕು.

ನಿಮ್ಮೆಲ್ಲರ ಪ್ರಯಾಣ ಸುಖಕರವಾಗಿರಲಿ.